ಪೋರ್ಟ್ ಕಾಕಾ

ಕಮಲಾಪುರದಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಪಕ್ಕ ಕೂತವರು ಊರು, ಮನೆತನ ಯಾವುದನ್ನೂ ವಿಚಾರಿಸದೆ ನೇರ "ಎಷ್ಟಿಂದು ಪ್ಯಾಕ್ ಹಾಕ್ಸೀರಿ?" ಎಂದು ಕೇಳಿದರೆ ತಿಳಿದುಕೊಳ್ಳಿ, ಅವರೇ ಪೋರ್ಟ್ ಕಾಕಾ. ಇಂಥವರು ಹುಮನಾಬಾದಿನಲ್ಲೂ ಸಿಗುತ್ತಾರೆ, ಆಳಂದದಲ್ಲೂ ಸಿಗುತ್ತಾರೆ. ಆದರೆ ನಮ್ಮ ಬಸ್ಸಿನವರದು ಅಸಲಿ ತಳಿ. ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಆಫೀಸು ಬಿಟ್ಟರೂ ಲೆಡ್ಜರ್ ಬಿಟ್ಟಿಲ್ಲ. ಅಂಗಿಯ ಜೇಬಿನ ಡೈರಿಯಲ್ಲಿ ಕಂಪನಿಗೊಂದು ಪುಟ, ಪ್ಯಾಕಿಗೊಂದು ಸಾಲು, ಅಂಚಿನಲ್ಲಿ ಕೆಂಪು ಶಾಯಿಯ ಆಕ್ಷೇಪಣೆ.

ನೀವು ಯಾವ ಮೊತ್ತ ಹೇಳಿದರೂ ಉತ್ತರ ಒಂದೇ: "ಮೋಸ ಹೋಗೀರಿ." ಅಷ್ಟು ಹೇಳಿ ಸುಮ್ಮನಾಗುವುದಿಲ್ಲ, ಲೆಕ್ಕ ತೆಗೆಯುತ್ತಾರೆ. "28 ದಿನಕ್ಕ ತಿಂಗಳು ಅಂತ ಯಾವ ಪಂಚಾಂಗದಾಗದ? ನಮ್ಮೂರ ಬಾಳಿಹಣ್ಣಿನ ಮುದುಕಿ 11 ಹಣ್ಣು ಕೊಟ್ಟು ಡಜನ್ ಅಂದ್ರ ಸುಮ್ನ ಬಿಡ್ತೀರೇನ್ರಿ?" ಕಮಲಾಪುರದ ಕೆಂಪು ಬಾಳೆ ಎಂದರೆ ಜಿಐ ಮಾನ್ಯತೆ ಪಡೆದ ಹಣ್ಣು. ಅದನ್ನೇ ಸಾಕ್ಷಿಗೆ ಎಳೆದ ಮೇಲೆ ಬಸ್ಸಿನಲ್ಲಿ ಎದುರಾಡುವವರು ಯಾರು? ವರ್ಷಕ್ಕೆ ತಿಂಗಳು 12, ರೀಚಾರ್ಜ್ 13. ಹದಿಮೂರು ಇಪ್ಪತ್ತೆಂಟಲೆ 364. "ಉಳಿದ ಒಂದ್ ದಿನ ಫೋನಿಗಿ ಏಕಾದಶಿ!"

ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನೂ, ತಿಂಗಳು ತಿಂಗಳು ಅದೇ ತಾರೀಖಿಗೆ ಬರುವ ಇನ್ನೊಂದನ್ನೂ ಇಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶ ಹೊರಡಿಸಿತು. ಅದು ತಮ್ಮ ಅರ್ಜಿಯ ಮೇಲೇ ಬಂದದ್ದು ಎಂದು ಕಾಕಾ ಮಹಾಗಾಂವ್ ಕ್ರಾಸಿನವರೆಗೂ ಹೇಳಿದರು. ಇಷ್ಟಾಗಿ ಇವತ್ತಿಗೂ ಹಾಕಿಸುವುದು 28ರದ್ದನ್ನೇ. 30ರದ್ದು ಹಾಕಿಸಿದರೆ ಬೈಯುವುದಕ್ಕೆ ಏನು ಉಳಿಯಿತು?

ಡೇಟಾದ ವಿಷಯದಲ್ಲಿ ಮಾತ್ರ ಅವರದು ವೈರಾಗ್ಯವೂ ಅಲ್ಲ, ಭೋಗವೂ ಅಲ್ಲ. ದಿನಕ್ಕೆ ಒಂದೂವರೆ ಜಿಬಿ. ಕಾಕಾನ ಖರ್ಚು ನಾಲ್ಕು ಗುಡ್ ಮಾರ್ನಿಂಗ್ ಚಿತ್ರ, ಶರಣಬಸವೇಶ್ವರರ ಒಂದು ಫೋಟೋ, ಗಂಜಿನ ತೊಗರಿ ರೇಟು. ರಾತ್ರಿ 11ಕ್ಕೆ ನೋಡಿದರೆ ಪಾಲಿನ ಬಹುಭಾಗ ಹಾಗೇ ಇರುತ್ತದೆ, 12 ಹೊಡೆದರೆ ಕಂಪನಿಯ ಪಾಲು. ಆಗ ಕಟ್ಟೆಯ ಮೇಲೆ ಕೂತು ಹಾಟ್‌ಸ್ಪಾಟ್ ಹಚ್ಚುತ್ತಾರೆ. ಓಣಿಯ ಹುಡುಗರು ಸೇರುತ್ತಾರೆ. "ಬಳಸ್ರಿ, ಕಂಪನಿಗಿ ಬಿಡಬ್ಯಾಡ್ರಿ." ಪಾಲು ಮುಗಿದು ವೇಗ 64 ಕೆಬಿಪಿಎಸ್‌ಗೆ ಕುಸಿದು, ಪರದೆಯ ಮೇಲೆ ಚಕ್ರ ತಿರುಗತೊಡಗಿದರೆ ಅವರಿಗೆ ನಿದ್ದೆ. ಹೆಂಡತಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ. 2023ರ ಜೂನಿನಿಂದ ಆಕೆ ಶಕ್ತಿ ಯೋಜನೆಯಲ್ಲಿ ಸೊನ್ನೆ ಟಿಕೆಟಿನ ಮೇಲೆ ಕಲಬುರಗಿಗೆ ಹೋಗಿ ಬರುತ್ತಾರೆ. "ಅನ್‌ಲಿಮಿಟೆಡ್ ಅಂದ್ರ ಇದು. ರಾತ್ರಿ ಹನ್ನೆರಡಕ್ಕ ಮುಗಿಯಂಗಿಲ್ಲ" ಎನ್ನುತ್ತಾರಂತೆ. ಅರ್ಧ ಟಿಕೆಟೂ ಸಿಗದ ಕಾಕಾ ಅದಕ್ಕೆ ಡೈರಿಯಲ್ಲಿ ಯಾವ ಆಕ್ಷೇಪಣೆಯನ್ನೂ ಬರೆದಿಲ್ಲ.

ಹಳೆಯ ಗಾಯವೊಂದಿದೆ. 2006ರ ಸುಮಾರಿಗೆ 999 ರೂಪಾಯಿ ಕೊಟ್ಟು ತಮ್ಮ ಅಕ್ಕನಿಗೆ ಲೈಫ್‌ಟೈಮ್ ಸಿಮ್ ಕೊಡಿಸಿದ್ದರು. ಇನ್‌ಕಮಿಂಗ್ ಜೀವಮಾನವಿಡೀ ಪುಕ್ಕಟೆ. ಆ ಜೀವಮಾನ ಅಕ್ಕನದಲ್ಲ, ಕಂಪನಿಯ ಲೈಸೆನ್ಸಿನದು ಎಂದು ಆಮೇಲೆ ತಿಳಿಯಿತು. ಅಕ್ಕ ಗಟ್ಟಿಮುಟ್ಟಾಗಿದ್ದಾರೆ, ಕೀಪ್ಯಾಡ್ ಫೋನೂ ಗಟ್ಟಿಮುಟ್ಟಾಗಿದೆ, ಕಂಪನಿಯ ಹೆಸರೇ ಇಲ್ಲ. ಇಂಟರ್‌ನೆಟ್ ಬೇಡದವರಿಗೆ ಬರೀ ಮಾತು, ಮೆಸೇಜಿನ ಪ್ಯಾಕ್ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಹೇಳಿದಾಗ ಕಾಕಾ ಅದನ್ನೇ ಹಾಕಿಸಿಕೊಟ್ಟರು. ಅಕ್ಕ ಕೇಳಿದ್ದು ಇಷ್ಟೇ: "ಮಂದಿ ನನಗ ಫೋನ್ ಮಾಡಿದ್ರ ನಾ ಯಾಕ ರೊಕ್ಕ ಕೊಡಬೇಕೋ?" ಡೈರಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಇನ್ನು ಬಿರುದಿನ ಸಂಗತಿ. ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. ವಿಧಾನವನ್ನು ಕಾಕಾ ನಿದ್ದೆಯಲ್ಲೂ ಹೇಳಬಲ್ಲರು. PORT ಎಂದು ಒತ್ತಿ, ಜಾಗ ಬಿಟ್ಟು, ನಂಬರು ಹಾಕಿ 1900ಕ್ಕೆ ಕಳಿಸುವುದು. ಎಂಟು ಅಕ್ಷರದ ಕೋಡ್ ಬರುತ್ತದೆ, ಅದಕ್ಕೆ ನಾಲ್ಕು ದಿನದ ಆಯುಷ್ಯ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಿ ಆಧಾರ್ ತೋರಿಸಿದರೆ ಕರ್ನಾಟಕದೊಳಗೆ ಮೂರು ಕೆಲಸದ ದಿನದಲ್ಲಿ ಸಿಮ್ ಜೀವ ಹಿಡಿಯುತ್ತದೆ. ಹಳೆಯ ಪ್ಯಾಕಿನಲ್ಲಿ ಉಳಿದ ದಿನ, ಉಳಿದ ಡೇಟಾ ಜೊತೆಗೆ ಬರುವುದಿಲ್ಲ. ಅದಕ್ಕೇ ಪ್ಯಾಕು ತೀರುವ ವಾರ ನೋಡಿ ಕಳಿಸಬೇಕು. ಶುಲ್ಕ 6 ರೂಪಾಯಿ 46 ಪೈಸೆ. ಸೂಪರ್ ಮಾರ್ಕೆಟಿನ ಅಂಗಡಿ ಹುಡುಗನಿಗೆ "ಈ 46 ಪೈಸಾ ಯಾವ ನಾಣ್ಯದಾಗ ಕೊಡ್ಲಿ ಹೇಳು" ಎಂದು ಗಂಟುಬಿದ್ದದ್ದಕ್ಕೆ ಅವನು ಆ ದಿನ ಅಂಗಡಿಯ ಶಟರು ಅರ್ಧ ಎಳೆದನಂತೆ. ಬಸ್ಸಿನಲ್ಲಿ ಕಾಕಾನ ಮಾತು ಕೇಳಿ ಕಂಪನಿ ಬದಲಿಸಿದವರು ಬಹಳ ಜನ. ಮನೆಯೊಳಗೆ ಸಿಗ್ನಲ್ ಸಿಗದೆ ಮಾಳಿಗೆ ಹತ್ತಿ ಮಾತಾಡುವವರೂ ಅದರಲ್ಲಿದ್ದಾರೆ.

ಆದರೆ ನೋಡಬೇಕಾದದ್ದು 1900ಕ್ಕೆ ಮೆಸೇಜು ಹೋದ ಮಾರನೆಯ ದಿನ. ಕಂಪನಿಯಿಂದ ಕರೆ ಬರುತ್ತದೆ, ಕಾಕಾ ಸ್ಪೀಕರ್ ಹಚ್ಚುತ್ತಾರೆ.

"ಸರ್, ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಬೆಂಗಳೂರು ಕಡೆಯ ಹುಡುಗಿಯ ದನಿ. "ಯಾಕೆ ಬಿಟ್ಟು ಹೋಗ್ತಿದೀರಾ ಸರ್?"

ಕಾಕಾ ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿದ್ದು ಶುರುಮಾಡುತ್ತಾರೆ. ಸಿಗ್ನಲಿನಿಂದ ಹೊರಟ ದೂರು 28 ದಿನಕ್ಕೆ ಬಂದು, ಅಕ್ಕನ ಜೀವಮಾನ ಮುಟ್ಟಿ, ನಲ್ಲಿಗೆ ನೀರು ಬಾರದ್ದು, ಪೆನ್ಶನ್ ಅರಿಯರ್ಸ್ ತಡೆದದ್ದು ಎಲ್ಲವನ್ನೂ ದಾಟುತ್ತದೆ. ಹುಡುಗಿ ಪ್ರತಿ ಮಾತಿಗೂ "ಅರ್ಥ ಆಗುತ್ತೆ ಸರ್" ಎನ್ನುತ್ತಾಳೆ. ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ನಿಲ್ಲಿಸಿ ಕೇಳುತ್ತಾನೆ. ಫೋನಿಟ್ಟ ಮೇಲೆ ಕಾಕಾ ಒಮ್ಮೆ ಅಂದಿದ್ದರು: "ಸರ್ವಿಸಿನ್ಯಾಗ ಎಷ್ಟ್ ಸಲ ಟ್ರಾನ್ಸ್‌ಫರ್ ಆತು. ಯಾಕ ಹೊಂಟೀರಿ ಅಂತ ಒಬ್ಬ ಸಾಹೇಬ ಕೇಳಲಿಲ್ಲ ನೋಡ್ರಿ."

ಮೊನ್ನೆ ಒಬ್ಬ ಕಾಲೇಜು ಹುಡುಗ ಬಗ್ಗಿ ಅವರ ಫೋನಿನ ಪರದೆ ನೋಡಿಬಿಟ್ಟ. "ಕಾಕಾ, ನಾ ಸಾಲಿಗಿ ಹೋಗೂವಾಗಿಂದ ನೋಡ್ಲತ್ತೀನಿ, ನಿಮ್ಮ ಫೋನಿನ ಮ್ಯಾಲ ಇದೇ ಕಂಪನಿ ಹೆಸರದ. ನೀವು ಪೋರ್ಟ್ ಆಗಿದ್ದು ಯಾವಾಗ?"

ಬಸ್ಸು ಹುಮನಾಬಾದ್ ರಿಂಗ್ ರೋಡಿನ ಹತ್ತಿರ ಬಂದಿತ್ತು. ಇಳಿಯುವವರೂ ಕೂತರು.

"ಕೋಡ್ ತರಸ್ತೀನಿ," ಎಂದರು ಕಾಕಾ. "ನಾಕ್ ದಿನ ಇಟ್ಕೋತೀನಿ. ಅದು ತಾನೇ ಸಾಯ್ತದ."

"ಅಂದ್ರ ಒಮ್ಮೆನೂ ಬದಲಿ ಮಾಡಿಲ್ಲ?"

"ರೂಲ್ ಓದಿಯೇನ್ ನೀ? ಒಮ್ಮೆ ಬದಲಿ ಮಾಡಿದ್ರ 90 ದಿನ ಮತ್ತ ಕೋಡ್ ಕೇಳ್ಲಾಕ ಬರಂಗಿಲ್ಲ. ಅಲ್ಲೀತನಕ ನನಗ ಯಾರ್ ಫೋನ್ ಮಾಡ್ತಾರ ತಮ್ಮಾ? ನೀ ಮಾಡ್ತೀಯೇನ್?"

"ನನ್ನ ಪ್ಯಾಕ್ ನಿನ್ನೆನೇ ಮುಗದದ ಕಾಕಾ," ಎಂದ ಹುಡುಗ.