ಎದುರಿನಿಂದ ಬರುವ ಕಾರಿನ ಧಣಿಗಳಿಗೆ

ಧಣಿಗಳೇ,

ನೀವು ಅವಸರದಲ್ಲಿದ್ದೀರೆಂದು ಗೊತ್ತು. ಲಾರಿಯ ಹಿಂದೆ ಸಿಕ್ಕಿಬಿದ್ದಾಗ ಓದಲೆಂದು ಈ ಕಾಗದ ಬರೆಯುತ್ತಿದ್ದೇನೆ. ಆದರೆ ನೀವು ಲಾರಿಯ ಹಿಂದೆ ಉಳಿಯುವ ಜನವೇ ಅಲ್ಲ, ತಕರಾರು ಇರುವುದೇ ಅಲ್ಲಿ. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಚಾರ್ಮಾಡಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ದಿನಾ ನಡೆಯುವ ಸಂಗತಿ ಇದು. ನಿಮ್ಮ ಕಾರು ಲಾರಿಯ ಹಿಂದಿನಿಂದ ಬಲಕ್ಕೆ ಹೊರಡುತ್ತದೆ. ಎದುರಿನಿಂದ ಒಂದು ಬೈಕು ತನ್ನ ಪಾಡಿಗೆ ತನ್ನ ಎಡಬದಿಯಲ್ಲಿ ಬರುತ್ತಿರುತ್ತದೆ. ನೀವು ವಾಪಸು ಲಾರಿಯ ಹಿಂದಕ್ಕೆ ಸೇರುವುದಿಲ್ಲ, ಎರಡು ಸಲ ಲೈಟ್ ಹೊಡೆಯುತ್ತೀರಿ. ಇಳಿ ಎಂದರ್ಥ. ಎದುರಿನಿಂದ ಬರುವುದು ಬಸ್ಸಾದರೆ ನಿಮ್ಮ ಕಾರು ಬೆಕ್ಕಿನ ಮರಿಯಂತೆ ಹಿಂದೆ ಸರಿಯುತ್ತದೆ. ಹಾಗಾಗಿ ನಿಮಗೆ ರಸ್ತೆಯ ನಿಯಮ ಗೊತ್ತಿಲ್ಲ ಎಂದು ನಾನು ಹೇಳಲಾರೆ. ಗೊತ್ತುಂಟು, ಯಾರ ಮುಂದೆ ಪಾಲಿಸಬೇಕು ಎಂಬುದೂ ಗೊತ್ತುಂಟು.

ನಮ್ಮ ಜಿಲ್ಲೆಯ ಹಳಬರಿಗೆ ಈ ವ್ಯವಸ್ಥೆ ಪರಿಚಯದ್ದೇ. ಹಿಂದೆ ಧಣಿಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರಲ್ಲಿ ಮೂಲಗೇಣಿಯವನನ್ನು ಸುಲಭಕ್ಕೆ ಎಬ್ಬಿಸಲಾಗುತ್ತಿರಲಿಲ್ಲ, ಚಾಲಗೇಣಿಯವನನ್ನು ಮಾತ್ರ ಧಣಿಗೆ ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. 1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಒಕ್ಕಲುಗಳು ಫಾರಂ ನಂಬ್ರ 7ರಲ್ಲಿ ಡಿಕ್ಲರೇಶನ್ ಹಾಕಿದರು, ಗದ್ದೆ ಉತ್ತವನ ಹೆಸರಿಗಾಯಿತು. ಡಾಮರು ಮಾತ್ರ ಆ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ. ಬೈಕಿನವನೂ ತೆರಿಗೆ ಕಟ್ಟುತ್ತಾನೆ, ವಿಮೆ ಮಾಡಿಸುತ್ತಾನೆ, ಹೊಗೆ ತಪಾಸಣೆಯ ಚೀಟಿ ಇಟ್ಟುಕೊಳ್ಳುತ್ತಾನೆ. ಆದರೂ ಅವನದ್ದು ಇಂದಿಗೂ ಚಾಲಗೇಣಿಯೇ, ಲೈಟ್ ಹೊಡೆದರೆ ಎದ್ದು ಹೋಗಬೇಕು.

ಇಷ್ಟು ವರ್ಷ ಇದು ದೊಡ್ಡ ಗಲಾಟೆಯಿಲ್ಲದೆ ನಡೆದದ್ದು ಹೇಗೆ ಎಂದು ಕೇಳಿದರೆ ನಿಮ್ಮ ಡ್ರೈವಿಂಗ್ ಚಾಕಚಕ್ಯತೆ ಎನ್ನುತ್ತೀರಿ. ಅಲ್ಲ ಮಾರಾಯ್ರೆ, ಸ್ಪ್ಲೆಂಡರಿನ ತೂಕ. ಹೀರೋ ಸ್ಪ್ಲೆಂಡರ್ ಸುಮಾರು 112 ಕಿಲೋ, ಆ್ಯಕ್ಟಿವಾ ಅದಕ್ಕಿಂತಲೂ ಹಗುರ. ಡಾಮರಿನಿಂದ ಮಣ್ಣಿಗೆ ಇಳಿದು, ಒಂದು ಕಾಲು ಊರಿ, ಮನಸ್ಸಿನಲ್ಲೇ ನಿಮಗೆ ನಾಲ್ಕು ಮಾತು ಹೇಳಿ, ಪುನಃ ಹತ್ತಿಕೊಳ್ಳಬಹುದಾದ ವಾಹನ ಅದು. ರಸ್ತೆ ಹಂಚಿಕೊಂಡಿದ್ದೇವೆ ಎಂದು ನೀವು ನಂಬಿದ್ದು ಸುಳ್ಳು. ಅವರು ಬಿಟ್ಟುಕೊಡುತ್ತಿದ್ದರು, ಅಷ್ಟೆ. ಈಗ ಊರೂರಲ್ಲಿ ಭಾರದ ಬೈಕುಗಳು ಬಂದಿವೆ. ಕ್ಲಾಸಿಕ್ 350 ಸುಮಾರು 195 ಕಿಲೋ, ಸೂಪರ್ ಮೀಟಿಯೋರ್ 650 ಸುಮಾರು 241 ಕಿಲೋ. ಹಿಂದೆ ಒಬ್ಬರು ಕುಳಿತು, ಪಕ್ಕಕ್ಕೊಂದು ಚೀಲ ಸೇರಿದರೆ ಲೆಕ್ಕ ಮೂರು ಕ್ವಿಂಟಾಲಿನ ಆಚೆಗೆ. ನಿಮ್ಮ ಸುಳ್ಳು ಬಯಲಾಗುವುದು ಈ ತೂಕದಲ್ಲಿ.

ಭಾರದ ಬೈಕು ವೇಗದಲ್ಲಿದ್ದಾಗ ಕಷ್ಟ ಕೊಡುವುದಿಲ್ಲ. ಐವತ್ತು ಅರುವತ್ತರಲ್ಲಿ ಅದು ಹಗುರದ ಬೈಕಿಗಿಂತ ನೆಟ್ಟಗೆ ನಿಲ್ಲುತ್ತದೆ, ಬಸ್ಸಿನ ಗಾಳಿಗೆ ಅಲ್ಲಾಡುವುದೂ ಕಡಿಮೆ. ತೂಕ ಎದ್ದು ಕೂರುವುದು ನಿಧಾನದಲ್ಲಿ. ಯು ಟರ್ನ್ ಹೊಡೆಯುವಾಗ, ಇಳಿಜಾರಿನ ಅಂಗಡಿ ಮುಂಗಟ್ಟಿನಿಂದ ಹಿಂದಕ್ಕೆ ತಳ್ಳುವಾಗ, ಜಲ್ಲಿಯ ಮೇಲೆ ನಿಲ್ಲಿಸುವಾಗ. ಅರ್ಧ ಕ್ಲಚ್ಚು, ಹಿಂದಿನ ಬ್ರೇಕಿನ ಹದ, ಹೋಗಬೇಕಾದ ಕಡೆಗೇ ನೋಟ, ಇಷ್ಟನ್ನು ಕಲಿತರೆ ಅದೂ ಒಗ್ಗುತ್ತದೆ. ಒಗ್ಗದೇ ಇರುವುದು ಡಾಮರಿನ ಅಂಚು. ನಾಲ್ಕು ಬೆರಳು ಎತ್ತರದ ಅಂಚಿನಿಂದ ಓರೆಯಾಗಿ ಇಳಿದರೆ ಮುಂದಿನ ಚಕ್ರ ಮಣ್ಣಿನಲ್ಲಿ, ಹಿಂದಿನದ್ದು ಡಾಮರಿನಲ್ಲಿ. ಮೇಲೆ ಹತ್ತಲು ಹೋದರೆ ಚಕ್ರ ಅಂಚಿಗೆ ಉಜ್ಜಿಕೊಂಡು ಜಾರುತ್ತದೆ. ಮುಂದಿನ ಬ್ರೇಕು ಒತ್ತಿದರೆ ಕೆಂಪು ಕೆಸರಿನ ಮೇಲೆ ಹಿಡಿತ ಸಿಗುವುದಿಲ್ಲ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ, ಒಳ್ಳೆಯದೇ. ಆದರೆ ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತದೆಯೇ ಹೊರತು ಆಟಿ ತಿಂಗಳ ಮಳೆಯಲ್ಲಿ ತೋಡಿನ ಬದಿಯ ಮಣ್ಣನ್ನು ಡಾಮರು ಮಾಡಿಕೊಡುವುದಿಲ್ಲ. ಬೀಳುತ್ತಿರುವ ಸ್ಪ್ಲೆಂಡರನ್ನು ಕಾಲು ಕೊಟ್ಟು ಹಿಡಿಯಬಹುದು. ಬೀಳುತ್ತಿರುವ 241 ಕಿಲೋಗೆ ಕಾಲು ಕೊಟ್ಟರೆ ಕಾಲೂ ಅದರ ಜೊತೆಗೇ ಹೋಗುತ್ತದೆ.

ಸಮಯವೂ ಸಾಲುವುದಿಲ್ಲ. ನೀವು ಗಂಟೆಗೆ 60 ಕಿ.ಮೀ., ಬೈಕೂ 60. ಇಬ್ಬರ ನಡುವಿನ ಅಂತರ ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ. ನೂರು ಮೀಟರು ದೂರದಲ್ಲಿ ನೀವು ಲೈಟ್ ಹೊಡೆದರೆ ಬೈಕಿನವನಿಗೆ ಸಿಗುವುದು ಮೂರು ಸೆಕೆಂಡು. ಅದರಲ್ಲಿ ಒಂದು, ಇವರು ನಿಜವಾಗಿಯೂ ಬರುತ್ತಾರಾ ಎಂದು ಆಶ್ಚರ್ಯಪಡಲಿಕ್ಕೆ ಖರ್ಚು. ಬೈಕು ಕಾಣಲಿಲ್ಲ ಎಂಬ ಸಬೂಬನ್ನಂತೂ ಹೇಳಬೇಡಿ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲಲ್ಲೂ ತಾನಾಗಿಯೇ ಉರಿಯುತ್ತದೆ, ನಿಮಗೆ ಕಾಣಲೆಂದೇ ಮಾಡಿದ ಏರ್ಪಾಡು ಅದು. ನಿಮ್ಮಲ್ಲಿ ಕೆಲವರು ಈಗಲೂ ಕೈ ಹೊರಹಾಕಿ, ಲೈಟ್ ಉರೀತಾ ಉಂಟು ಎಂದು ಬೈಕಿನವನಿಗೆ ಸನ್ನೆ ಮಾಡುತ್ತೀರಿ. ಲೈಟು ಕಾಣುತ್ತದೆ, ಅದರ ಹಿಂದಿನ ಬೈಕು ಮಾತ್ರ ಕಾಣುವುದಿಲ್ಲ!

ನನಗೆ ನಗು ನಿಂತುಹೋಗುವುದು ಈ ಲೆಕ್ಕದಲ್ಲಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ. 44.5 ದ್ವಿಚಕ್ರ ವಾಹನದವರು. ನೀವು ಲೈಟ್ ಹೊಡೆದು ಇಳಿಸಿದ ಬೈಕಿನವನು ಬಿದ್ದರೆ ನಿಮ್ಮ ಕಾರಿಗೆ ಒಂದು ಗೀರೂ ಬೀಳುವುದಿಲ್ಲ, ಯಾಕೆಂದರೆ ನೀವು ಅವನನ್ನು ಮುಟ್ಟಿಯೇ ಇಲ್ಲ. ನಿಮ್ಮ ಕನ್ನಡಿಯಲ್ಲಿ ಅವನು ಕಾಣುವ ಮೊದಲೇ ನೀವು ತಿರುವು ದಾಟಿರುತ್ತೀರಿ. ಮರುದಿನ ಪೇಪರಿನಲ್ಲಿ ನಿಯಂತ್ರಣ ತಪ್ಪಿ, ಸ್ಕಿಡ್ ಆಗಿ ಎಂದು ಬರುತ್ತದೆ. ಯಾರ ನಿಯಂತ್ರಣ ಸ್ವಾಮೀ ತಪ್ಪಿದ್ದು? ಅವನು ತನ್ನ ಎಡಬದಿಯಲ್ಲೇ ಇದ್ದ. ತಪ್ಪು ಬದಿಯಲ್ಲಿ ಇದ್ದವರ ಹೆಸರು ಕೇಸಿನಲ್ಲೂ ಇಲ್ಲ, ಸುದ್ದಿಯಲ್ಲೂ ಇಲ್ಲ, ನಡೆದದ್ದು ಅವರ ನೆನಪಿನಲ್ಲೂ ಇಲ್ಲ.

ನಿಮ್ಮ ಆಕ್ಷೇಪಗಳು ನನಗೆ ಬಾಯಿಪಾಠ. ಅಷ್ಟು ಭಾರ ಸಂಭಾಳಿಸಲು ಬಾರದವನು ಯಾಕೆ ಕೊಳ್ಳಬೇಕು ಎನ್ನುತ್ತೀರಿ. ಪ್ರಶ್ನೆಯಲ್ಲಿ ಅರ್ಧ ನ್ಯಾಯ ಉಂಟು. ಬ್ರಿಟನ್ನಿನಲ್ಲಿ 17ಕ್ಕೆ 125 ಸಿಸಿ, 19ಕ್ಕೆ 35 ಕಿಲೋವ್ಯಾಟಿನವರೆಗಿನ ಬೈಕು, ಯಾವುದಾದರೂ ಆಗಬಹುದೆಂಬ ಪರವಾನಗಿಯನ್ನು ನೇರವಾಗಿ ಪಡೆಯಬೇಕಾದರೆ 24 ಆಗಬೇಕು. ನಮ್ಮಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ಎಂಬ ಒಂದೇ ಲೈಸೆನ್ಸಿನಲ್ಲಿ ಸ್ಪ್ಲೆಂಡರೂ ನಡೆಯುತ್ತದೆ, 650 ಸಿಸಿಯೂ ನಡೆಯುತ್ತದೆ. ಹಂತಹಂತದ ಪರೀಕ್ಷೆ ಬರಲಿ, ನನ್ನ ಸಹಿ ಮೊದಲು. ಆದರೆ ಅದೇ ಕಾನೂನು ನಿಮ್ಮ ಲಘು ವಾಹನದ ಲೈಸೆನ್ಸಿನಲ್ಲಿ 7,500 ಕಿಲೋವರೆಗೆ ಅವಕಾಶ ಕೊಟ್ಟಿದೆ. ಮುಕ್ಕಾಲು ಟನ್ನಿನ ಆಲ್ಟೋ ಮಾರಿ ಎರಡು ಟನ್ ಮೀರಿದ ಫಾರ್ಚೂನರ್ ತಂದವರನ್ನು, ಸಂಭಾಳಿಸಲು ಬರುತ್ತದಾ ಎಂದು ಯಾರೂ ಕೇಳಿಲ್ಲ. ಮತ್ತೆ, ಯಾವ ದೇಶದ ಪರೀಕ್ಷೆಯಲ್ಲೂ ಎದುರಿನ ಕಾರಿಗೆ ಹೆದರಿ ಚರಂಡಿಗೆ ಇಳಿಯುವ ಪಾಠ ಇಲ್ಲ.

ಬೈಕಿನವರೇನು ಸಾಚಾಗಳಾ ಎಂದೂ ಕೇಳುತ್ತೀರಿ. ಅಲ್ಲ. ಸೈಲೆನ್ಸರ್ ಬದಲಿಸಿ ಆಸ್ಪತ್ರೆಯ ಮುಂದೆ ಗುಂಡು ಹಾರಿಸಿದಂತೆ ಹೋಗುವವರು, ಎಡದಿಂದ ನುಗ್ಗುವವರು, ಹೆಲ್ಮೆಟನ್ನು ಕನ್ನಡಿಗೆ ನೇತುಹಾಕಿದವರು, ಎಲ್ಲರೂ ಇದ್ದಾರೆ. ಅವರಿಗೆ ದಂಡ ಬೀಳಲಿ. ಆದರೆ ಅವರ ದಂಡವನ್ನು ಎಡಬದಿಯಲ್ಲಿ ಸರಿಯಾಗಿ ಬರುವವನಿಂದ ವಸೂಲು ಮಾಡುವ ಅಧಿಕಾರ ನಿಮಗೆ ಕೊಟ್ಟವರ್ಯಾರು?

ಉಳಿದದ್ದು ರಸ್ತೆ ಕಿರಿದು ಎಂಬ ಹಳೆಯ ಹಾಡು. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಯವರೆಗೆ ಮೊದಲು ಅಗಲವಾಯಿತು, ಆಮೇಲೆ ಪುಂಜಾಲಕಟ್ಟೆಯಿಂದ ಚಾರ್ಮಾಡಿಯತ್ತ ಅಗೆತ ಶುರುವಾಯಿತು. ಹಾಗಾಗಿ ಪುಂಜಾಲಕಟ್ಟೆಯಲ್ಲಿ ನಿಂತರೆ ನಿಮ್ಮ ವಾದದ ಎರಡೂ ಕಡೆ ಕಾಣುತ್ತದೆ. ಕಿರಿದಾದಲ್ಲಿ ಲೈಟ್ ಹೊಡೆಯುತ್ತಿದ್ದವರು ಅಗಲವಾದಲ್ಲಿ ಇನ್ನೂ ದೂರದಿಂದ, ಇನ್ನೂ ವೇಗವಾಗಿ ಹೊಡೆಯುತ್ತಾರೆ. ಬಿಳಿ ಗೆರೆಯ ಆಚೆ ಉಳಿದ ಪಟ್ಟಿ ಬೈಕಿಗೆಂದು ನೀವು ತೀರ್ಮಾನಿಸಿದ್ದೀರಿ. ಅಲ್ಲಿ ನಿಂತ ರಿಕ್ಷಾ, ಜನ ಇಳಿಸುವ ಬಸ್ಸು, ಎಳನೀರಿಗೆಂದು ನಿಲ್ಲಿಸಿದ ನಿಮ್ಮದೇ ಕಾರು, ಇವಕ್ಕೂ ಅದೇ ಪಟ್ಟಿ. ಚಾಲಗೇಣಿಯೊಳಗೂ ಪಾಲುದಾರರು! ಅಗಲ ಹೆಚ್ಚಾದದ್ದು ಧಣಿಗಳ ಜಮೀನಿಗೆ ಸೇರಿತು.

ಕೊನೆಗೆ ಇಷ್ಟೆಲ್ಲ ಯಾತಕ್ಕೆಂದು ಲೆಕ್ಕ ಹಾಕೋಣ. ಗಂಟೆಗೆ 30 ಕಿ.ಮೀ. ಹೋಗುವ ಲಾರಿಯ ಹಿಂದೆ ಒಂದು ಕಿ.ಮೀ. ಹೋದರೆ ಎರಡು ನಿಮಿಷ. ನೀವು 60ರಲ್ಲಿ ಹೋಗಿದ್ದರೆ ಒಂದು ನಿಮಿಷ. ನೇರ ದಾರಿ ಸಿಗುವವರೆಗೆ ಕಾದರೆ ಒಟ್ಟು ನಷ್ಟ ಒಂದು ನಿಮಿಷ. ಅದನ್ನು ಉಳಿಸಿಕೊಂಡ ನೀವು ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಕಾರ್ಕಳದಿಂದ ಬರುವ ವಾಹನಗಳ ನಡುವೆ ಸಿಕ್ಕಿ, ಹಾರ್ನ್ ಒತ್ತುತ್ತಾ ಆ ನಿಮಿಷವನ್ನು ಅಲ್ಲೇ ಖರ್ಚು ಮಾಡುತ್ತೀರಿ. ಈ ಕಾಗದವನ್ನು ನನ್ನ ಫಾರಂ ನಂಬ್ರ 7 ಎಂದೇ ತಿಳಿಯಿರಿ. ಇಡೀ ರಸ್ತೆ ಬೇಡ, ಎಡಬದಿಯ ಡಾಮರು ಅಂಚಿನವರೆಗೆ ನನ್ನ ಹೆಸರಿಗೆ ಆಗಲಿ. ತಕರಾರಿದ್ದರೆ ಜಂಕ್ಷನ್ನಿನಲ್ಲಿ ಗ್ಲಾಸ್ ಇಳಿಸಿ ಹೇಳಿ. ಲೈಟ್ ಹೊಡೆಯಬೇಡಿ, ಇಳಿಯುವುದಿಲ್ಲ.

ಇಂತಿ,
ಎಡಬದಿಯ ಸವಾರ
ಪುಂಜಾಲಕಟ್ಟೆ