ಬೇಲೂರನ್ನು ಶುದ್ಧಿ ಮಾಡಹೊರಟವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪರಂಪರೆಯ ಶುದ್ಧೀಕರಣದ ಹೊಣೆ ಹೊತ್ತ ಮಹನೀಯರು,
ತೇರುಬೀದಿ, ಬೇಲೂರು.

ವಿಷಯ: ತಾವು ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿರುವ ಕುರಿತು.

ಮಾನ್ಯರೇ,

ಚೈತ್ರಮಾಸದಲ್ಲಿ ಚೆನ್ನಕೇಶವನ ತೇರು ಹೊರಡುವ ಹೊತ್ತಿಗೆ ದೊಡ್ಡಮೇದೂರಿನ ಖಾಜಿಯವರು ಬಂದು ಕುರಾನಿನ ಸಾಲು ಪಠಿಸುವ ರೂಢಿ ತಮ್ಮ ಕಣ್ಣಿಗೆ ಬಿತ್ತು. 2022ರಲ್ಲಿ ತಾವು ಬೇಡವೆಂದಿರಿ; ಮುಜರಾಯಿ ಇಲಾಖೆ ಹಿಂದಿನಂತೆಯೇ ನಡೆಯಲಿ ಎಂದಿತು. 2023ರಲ್ಲಿ ಬೀದಿಗಿಳಿದಿರಿ. ಈ ರೂಢಿಯನ್ನು ಹೇಳುವ ದೇವಸ್ಥಾನದ 1932ರ ಕೈಪಿಡಿಯನ್ನು ತೋರಿಸಿದವರಿಗೆ ತಮ್ಮ ಉತ್ತರ ಸಿದ್ಧವಿತ್ತು: ಅದು ಮೂಲದ್ದಲ್ಲ, ನಡುವೆ ಸೇರಿಕೊಂಡದ್ದು.

ಎಂಥ ಒಳ್ಳೆಯ ನಿಯಮ! ನಡುವೆ ಸೇರಿದ್ದನ್ನೆಲ್ಲ ತೆಗೆದರೆ ಕೊನೆಗೆ ಮೂಲವೇ ಉಳಿಯಬೇಕಷ್ಟೆ. ಈ ನಿಯಮವನ್ನು ಜೇಬಿನಲ್ಲಿಟ್ಟುಕೊಂಡು ಯಾತ್ರಿಕನೊಬ್ಬ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು ಬೇಲೂರಿನವರೆಗೆ ಹೋಗಿಬಂದಿದ್ದಾನೆ. ಅವನು ಗುರುತು ಹಾಕಿಕೊಂಡ ಬಾಕಿ ಕೆಲಸಗಳ ಪಟ್ಟಿಯನ್ನು ತಮ್ಮ ಅವಗಾಹನೆಗೆ ತರಲಾಗಿದೆ.

ಮೊದಲು ಅರಸೀಕೆರೆ. ಇಲ್ಲಿನ ಶಿವಾಲಯ 1220ರದು. ಹದಿನಾರು ಮೂಲೆಯ ನಕ್ಷತ್ರದಂಥ ಮುಖಮಂಟಪ, ಅದರ ಮೇಲೆ ಗುಮ್ಮಟದಾಕಾರದ ಚಾವಣಿ. ಗುಮ್ಮಟ ಎಂದ ಕೂಡಲೇ ತಾವು ಗಾಬರಿಯಾಗಬಾರದು, ಅದು ಹೊಯ್ಸಳರ ಕಾಲದ್ದೇ. ತೊಡಕಿರುವುದು ಬೇರೆ ಕಡೆ. ಅದೇ 1220ರಲ್ಲಿ, ಅದೇ ಊರಿನಲ್ಲಿ, ಹೊಯ್ಸಳ ಮಂತ್ರಿ ರೇಚರಸ ಸಹಸ್ರಕೂಟ ಜಿನಾಲಯವನ್ನೂ ಕಟ್ಟಿಸಿದ. ಇವೆರಡರಲ್ಲಿ ಮೂಲದ್ದು ಯಾವುದು, ನಡುವೆ ಸೇರಿಕೊಂಡದ್ದು ಯಾವುದು ಎಂಬುದನ್ನು ತಾವೇ ಸಭೆ ಸೇರಿ ತೀರ್ಮಾನಿಸಬೇಕು. ಕೊಬ್ಬರಿ ಮಂಡಿಯ ಕಡೆ ವಿಚಾರಿಸಿ ಪ್ರಯೋಜನವಿಲ್ಲ, ಅಲ್ಲಿಯವರಿಗೆ ಅವತ್ತಿನ ಧಾರಣೆಯದೇ ಚಿಂತೆ.

ದಾರಿಯಲ್ಲಿ ಜಾವಗಲ್. ಶ್ರೀನಾಥರ ಬೌಲಿಂಗ್ ಬಿಟ್ಟರೆ ಈ ಹೆಸರಿನಿಂದ ಬೇರೇನೂ ನೆನಪಾಗದವರು ಒಮ್ಮೆ ಬಸ್ಸಿಳಿಯಬೇಕು. ಇಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹನ ಗುಡಿ ಇದೆ, ಜಾತಿಮತ ಕೇಳದೆ ಹರಕೆ ಹೊತ್ತವರು ಬರುವ ದರ್ಗಾ ಇದೆ. ಹರಕೆ ಹೊತ್ತವರನ್ನು ಬೇರ್ಪಡಿಸಲು ತಾವು ಹೆಚ್ಚಿನ ಸಿಬ್ಬಂದಿಯನ್ನು ನೇಮಿಸಿಕೊಳ್ಳಬೇಕಾದೀತು.

ಹಳೇಬೀಡಿನಲ್ಲಿ ತಮಗೆ ಉತ್ಸಾಹ ಬರುತ್ತದೆ. ದೆಹಲಿಯ ಸೇನಾಪತಿ ಮಲಿಕ್ ಕಾಫರ್ 1311ರಲ್ಲಿ ಈ ಊರನ್ನು, ಅಂದಿನ ದೋರಸಮುದ್ರವನ್ನು, ಮುತ್ತಿದ, ಸಂಪತ್ತು ದೋಚಿದ. ನಿಜ, ಇದನ್ನು ಮುಚ್ಚಿಡುವವರ ಮಾತನ್ನು ನಂಬಬೇಕಾಗಿಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲಲೊಲ್ಲದು. ಶರಣಾದ ಹೊಯ್ಸಳ ದೊರೆ ಮೂರನೆಯ ಬಲ್ಲಾಳ ಅದೇ ಸೈನ್ಯಕ್ಕೆ ಪಾಂಡ್ಯರ ಸೀಮೆಯ ದಾರಿ ತೋರಿಸಿದ. ಮಗನನ್ನು ದೆಹಲಿಗೆ ಕಳಿಸಿದ. 1313ರಲ್ಲಿ ಮಗ ಮರಳಿ ಬಂದದ್ದನ್ನು ಸಂಭ್ರಮದಿಂದ ಶಾಸನದಲ್ಲಿ ಬರೆಸಿದ. ಮೂವತ್ತು ವರ್ಷದ ಮೇಲೆ ಅದೇ ಬಲ್ಲಾಳ, ಎಂಬತ್ತರ ಮುದುಕ, ಮಧುರೆಯ ಸುಲ್ತಾನನ ಮೇಲೆ ಯುದ್ಧಕ್ಕೆ ಹೋಗಿ ಸೆರೆ ಸಿಕ್ಕ. ಸುಲ್ತಾನ ಅವನನ್ನು ಕೊಂದು ಚರ್ಮ ಸುಲಿಸಿದ. ಇದನ್ನು ಬರೆದಿಟ್ಟ ಪ್ರವಾಸಿ ಇಬ್ನ್ ಬತೂತನೇ ಇನ್ನೊಂದು ಮಾತನ್ನೂ ಬರೆದಿದ್ದಾನೆ: ಬಲ್ಲಾಳನ ಪಡೆಯಲ್ಲಿ ಸುಮಾರು 20,000 ಮುಸ್ಲಿಮರಿದ್ದರು. ಆ ಇಪ್ಪತ್ತು ಸಾವಿರ ಜನರನ್ನು ಯಾವ ಖಾತೆಗೆ ಜಮಾ ಮಾಡಬೇಕು? ತಮ್ಮ ಲೆಕ್ಕದ ಪುಸ್ತಕದಲ್ಲಿ ಎರಡೇ ಕಾಲಂ ಇರುವುದರಿಂದ ಈ ತಕರಾರು.

ಇನ್ನು ಹೆಬ್ಬಾಳೆಯ ಶಾಸನ. ಯಾತ್ರೆ ಹೊರಟ ಯಾರೇ ಆಗಲಿ ಓದಬೇಕಾದ ಕಲ್ಲು ಅದು. ತುರುಷ್ಕರ ಆಳ್ವಿಕೆಯಲ್ಲಿದ್ದ ಕಾಶಿಯಲ್ಲಿ ಯಾತ್ರಿಕರ ಮೇಲೆ ತೆರಿಗೆ ಬಿದ್ದಿತ್ತು. 1279ರಲ್ಲಿ ಹೊಯ್ಸಳ ಮೂರನೆಯ ನರಸಿಂಹ ಏನು ಮಾಡಿದ? ಹೆಬ್ಬಾಳೆಯ ಹುಟ್ಟುವಳಿಯಿಂದ ವರ್ಷಕ್ಕೆ 645 ನಿಷ್ಕವನ್ನು ಆ ತೆರಿಗೆಗೂ ವಿಶ್ವೇಶ್ವರನ ಸೇವೆಗೂ ಬಿಟ್ಟುಕೊಟ್ಟ. ಅದೂ ಕನ್ನಡಿಗರಿಗಷ್ಟೇ ಅಲ್ಲ. ತೆಲುಗರು, ತುಳುವರು, ಮಲೆಯಾಳದವರು, ದೂರದ ಗೌಡ ದೇಶದವರು ಎಲ್ಲರ ಪಾಲಿನದೂ ಸೇರಿ. ಗಂಟಲು ಹರಿಯುವಂತೆ ಕೂಗುವ ಬದಲು ಗಂಟು ಬಿಚ್ಚಿದ ದೊರೆ. ಇಂಥವನ ವಂಶದ ಪರಂಪರೆಯನ್ನು ಕಾಯಲು ತಾವು ಹೊರಟಿರುವಿರಿ; ತಮ್ಮ ಕಡೆಯಿಂದ ಇದುವರೆಗೆ ಯಾವ ಯಾತ್ರಿಕನ ಪಾರ್ಕಿಂಗ್ ಚೀಟಿಯ ದುಡ್ಡೂ ಸಂದಾಯವಾದಂತಿಲ್ಲ.

ಇಷ್ಟಾಗಿ ಬೇಲೂರು. ವಿಷ್ಣುವರ್ಧನ 1117ರಲ್ಲಿ ಇಲ್ಲಿ ಇಂದಿನ ಚೆನ್ನಕೇಶವನನ್ನು ವಿಜಯನಾರಾಯಣನೆಂಬ ಹೆಸರಿನಲ್ಲಿ ಪ್ರತಿಷ್ಠಾಪಿಸಿದ. ಆ ದೊರೆ ಮೊದಲು ಜೈನನಾಗಿದ್ದ ಎಂದು ಪರಂಪರೆಯೇ ಹೇಳುತ್ತದೆ; ರಾಣಿ ಶಾಂತಲೆ ಕಡೆಯವರೆಗೂ ಜೈನಳು, ಆದರೂ ಅದೇ ಅಂಗಳದಲ್ಲಿ ಕೇಶವನಿಗೆ ಗುಡಿ ಕಟ್ಟಿಸಿದಳು. ಮೂಲ, ಮೂಲ ಎಂದು ಅಗೆಯುತ್ತ ಹೋದರೆ ತಮ್ಮ ಗುದ್ದಲಿ ಎಲ್ಲಿ ಹೋಗಿ ತಾಗೀತು ಎಂಬ ಅಂಜಿಕೆ ಯಾತ್ರಿಕನದು.

ಸ್ವಾಮಿಯ ಪಾದರಕ್ಷೆಯ ಕತೆಯಂತೂ ಇನ್ನೂ ಕಷ್ಟದ್ದು. ಬಿ.ಎಲ್. ರೈಸ್ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿರುವ ಪ್ರಕಾರ, ಚೆನ್ನಕೇಶವನ ದೇವಿಯವರು ಬಾಬಾಬುಡನ್ ಗಿರಿಯಲ್ಲೇ ಉಳಿದುಬಿಟ್ಟಿದ್ದಾರೆ. ಸ್ವಾಮಿ ಆಗಾಗ ಅಲ್ಲಿಗೆ ನಡೆದುಹೋಗುತ್ತಾನೆ. ಮೆಟ್ಟು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಮಾದಿಗರ ಕನಸಿನಲ್ಲಿ ಸುದ್ದಿ ತಿಳಿಯುತ್ತದೆ, ಅವರು ಹೊಸ ಜೋಡು ಹೊಲಿದು ತಂದು ಒಪ್ಪಿಸಲು ದೇವಸ್ಥಾನದ ಅಂಗಳಕ್ಕೇ ಬರುತ್ತಾರೆ. ಊರೂರಿನಲ್ಲಿ ಗುಡಿಯ ಬಾಗಿಲು ಅವರಿಗೆ ಮುಚ್ಚಿದ್ದ ಕಾಲದ ಮಾತಿದು. ಯಾರ್ಯಾರು ಒಳಗೆ ಬರಬೇಕು ಎಂಬುದನ್ನು ಸ್ವಾಮಿ ಕನಸಿನಲ್ಲಿ ಬಂದು ಹೇಳುವ ಊರು ಇದು. ತಮಗೆ ಬಿದ್ದ ಕನಸಿನ ವಿವರವನ್ನು ತಾವು ಇನ್ನೂ ಪ್ರಕಟಿಸಿಲ್ಲ.

ಮಹಾದ್ವಾರದ ವಿಚಾರಕ್ಕೆ ಬಂದರೆ, ಕಲಬುರಗಿಯಿಂದ ಬಂದ ಗಂಗ ಸಾಲಾರ ಅದನ್ನು ಸುಟ್ಟ. ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ ದಂಡನಾಯಕ ಗುಂಡ ಮತ್ತೆ ಗೋಪುರ ಕಟ್ಟಿಸಿದ. 1397ರ ಶಾಸನ ಎರಡನ್ನೂ ಹೇಳುತ್ತದೆ, ಸುಟ್ಟವನ ಹೆಸರು ಹಿಡಿದೇ ಹೇಳುತ್ತದೆ. ಸೌಹಾರ್ದದ ವೇದಿಕೆಯವರು ಈ ಕಲ್ಲಿನ ಮುಂದೆ ಬಂದಾಗ ಕನ್ನಡಕ ಒರೆಸಿಕೊಳ್ಳುತ್ತಾರೆ. ತಾವು ಈ ಕಲ್ಲೊಂದನ್ನೇ ಓದಿ ಕನ್ನಡಕ ತೆಗೆದಿಡುತ್ತೀರಿ. ಸುಟ್ಟ ನೆನಪನ್ನು ಕಲ್ಲಿನಲ್ಲಿ ಕೊರೆಸಿಟ್ಟುಕೊಂಡ ದೇವಸ್ಥಾನವೇ ಮುಂದೊಂದು ಕಾಲಕ್ಕೆ ಅದೇ ಬಾಗಿಲ ಮುಂದಣ ತೇರಿಗೆ ಖಾಜಿಯನ್ನೂ ಕರೆಯಿತು. ಬೇಲೂರಿನವರಿಗೆ ಮರೆವು ಇತ್ತೆಂದು ಇದರ ಅರ್ಥವಲ್ಲ. ಓದಲು ಬರುತ್ತಿತ್ತು, ಎರಡನ್ನೂ ಇಟ್ಟುಕೊಂಡರು.

ಕಡೆಯದಾಗಿ ಒಂದು ತುರ್ತು ವಿಷಯ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತಾವೂ ಸಿಹಿ ಹಂಚಿರಬಹುದು. ಹಾಗೆ ತೀರ್ಮಾನಿಸಿದ ಸಭೆ ನಡೆದದ್ದು ಸೌದಿ ಅರೇಬಿಯಾದ ರಿಯಾದಿನಲ್ಲಿ. ತೇರಿನ ಮುಂದೆ ಕೆಲವು ನಿಮಿಷದ ಪಠಣವೇ ಪರಂಪರೆಗೆ ಅಪಾಯವಾದರೆ, ರಿಯಾದಿನಲ್ಲಿ ಮುದ್ರೆ ಬಿದ್ದ ಪರಂಪರೆಯ ಗತಿಯೇನು? ಯುನೆಸ್ಕೋಗೆ ಬರೆದು ಪಟ್ಟಿಯಿಂದ ಹೆಸರು ತೆಗೆಸಿ, ಮೂಲದಲ್ಲಿದ್ದಂತೆ ಮಾಡಿಸಿಕೊಡಬೇಕೆಂದು ಕೋರಿದೆ.

ಇಂತಿ,
ಒಬ್ಬ ಯಾತ್ರಿಕ

ನಕಲು: ಮುಜರಾಯಿ ಇಲಾಖೆಗೆ, ಮಾಹಿತಿಗಾಗಿ. ಗಂಗ ಸಾಲಾರನಿಗೂ ಒಂದು ಪ್ರತಿ ಕಳಿಸೋಣವೆಂದರೆ ಹಾಲಿ ವಿಳಾಸ ದೊರೆತಿಲ್ಲ. ಅವನು ದೊಡ್ಡಮೇದೂರಿನಲ್ಲಿ ಇಲ್ಲ ಎಂಬುದಷ್ಟೇ ಖಚಿತವಾಗಿದೆ.