ಪೇಜ್‌ಮೇಕರ್ ರಾಯರು

ಬ್ಯಾಂಕಿನಿಂದ ನಿವೃತ್ತರಾಗಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಎಂಟು ಪುಟದ ತ್ರೈಮಾಸಿಕಕ್ಕೆ ಸಂಪಾದಕರು, ಕರಡು ತಿದ್ದುವವರು, ಮುಕ್ಕಾಲು ಪಾಲು ಲೇಖಕರು ಎಲ್ಲವೂ ಆಗಿರುವವರೊಬ್ಬರು ಊರೂರಿಗೂ ಇರುತ್ತಾರೆ. ನಮ್ಮಲ್ಲಿ ಅವರಿಗೆ ಪೇಜ್‌ಮೇಕರ್ ರಾಯರು ಎಂದು ಹೆಸರು.

ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶ ಅವರ ಕುಲದೇವರು. 1985ರಲ್ಲಿ ಆಲ್ಡಸ್ ಕಂಪನಿಯಲ್ಲಿ ಅವತರಿಸಿ, 1994ರಲ್ಲಿ ಅಡೋಬಿ ಮನೆಗೆ ದತ್ತು ಹೋಗಿ, 2001ರ 7.0ಕ್ಕೆ ಅವತಾರ ಮುಗಿಸಿದ ಕಥೆಯನ್ನು ಕೇಳದವರಿಗೂ ಹೇಳುತ್ತಾರೆ. ಆ ದೇವರಿಗೆ ಕನ್ನಡದ ಗಂಧವೇ ಇರಲಿಲ್ಲ ಅನ್ನುವುದು ಬೇರೆ ಮಾತು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳನ್ನು ಕದ್ದು ಕೂರಿಸಿದ್ದವು. ಇದೂ ಇಂಗ್ಲಿಷೇ ಇರಬೇಕೆಂದು ನಂಬಿ, ಪಾಪ, ಅದು ನಾಡಿನ ಲಗ್ನಪತ್ರಿಕೆ, ಕರಪತ್ರ, ಕವನಸಂಕಲನಗಳನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟಿತು.

ಹಳೆಯ ಕಂಪ್ಯೂಟರು ಕಣ್ಣುಮುಚ್ಚಿತು. ಮಗ ಹೊಸದು ಕೊಡಿಸಿದ. ಅಲ್ಲಿಂದ ರಾಯರು ನಂಬಿಕಸ್ತ ತಂತ್ರಾಂಶದ ಬೇಟೆಗೆ ಹೊರಟರು. ಪರೀಕ್ಷೆಗೆ ಒಂದೇ ಪ್ರಶ್ನೆ: ‘ಸ್ವಾತಂತ್ರ್ಯ’ ಎಂದು ಟೈಪಿಸುವುದು.

ಇನ್‌ಡಿಸೈನ್‌ನಲ್ಲಿ ಒತ್ತುಗಳು ಕೆಳಗಿಳಿಯದೆ ಸಾಲಾಗಿ ನಿಂತುಬಿಟ್ಟವು. ಪಕ್ಕದ ಮನೆಯ ಹುಡುಗಿ ಬಂದು, “ತಾತ, ವರ್ಲ್ಡ್ ರೆಡಿ ಕಂಪೋಸರ್ ಆರಿಸ್ಕೊಳ್ಳಿ” ಎಂದು ಎರಡು ಕ್ಲಿಕ್ಕಿನಲ್ಲಿ ಸರಿಮಾಡಿದಳು. ಅಷ್ಟರಲ್ಲಿ ಅದಕ್ಕೆ ತಿಂಗಳು ತಿಂಗಳು ಚಂದಾ ಕಟ್ಟಬೇಕೆಂದು ಗೊತ್ತಾಯಿತು. “ಸಾಲ ಮಾಡಿ ಸ್ವಂತ ಮನೆ ಕಟ್ಟಿಸಿದ್ದು, ಒಳಗೆ ಕೂತು ಬಾಡಿಗೆ ಕೊಡೋಕಾ?” ಪಬ್ಲಿಷರ್ ನೋಡೋಣವೆಂದರೆ, 2026ರ ಅಕ್ಟೋಬರ್ ಆಚೆಗೆ ಮೈಕ್ರೋಸಾಫ್ಟ್ ಅದರ ಕೈಬಿಡುತ್ತದಂತೆ. “ನಾನೂ ರಿಟೈರು, ಅದೂ ರಿಟೈರು. ಕೆಲಸ ಮಾಡೋರ್ಯಾರು?”

ನಾನು ಸ್ಕ್ರೈಬಸ್ ಹಾಕಿಕೊಟ್ಟೆ. ಪುಕ್ಕಟೆ. ಹಳೆಯ 1.4ರಲ್ಲಿ ಕನ್ನಡ ಕೂರುತ್ತಿರಲಿಲ್ಲ, 1.6ರಲ್ಲಿ ‘ಸ್ವಾತಂತ್ರ್ಯ’ ಒಂದೇ ಏಟಿಗೆ ಮೂಡಿತು. ಎಂಟು ಪುಟಕ್ಕೆ ಅದು ಧಾರಾಳವಾಯಿತು ಎಂದೇ ನನ್ನ ಅಭಿಪ್ರಾಯ. ರಾಯರು ಕನ್ನಡಕ ತೆಗೆದರು. “ದುಡ್ಡೇ ತಗೊಳ್ಳದವನು ಕೈಕೊಟ್ರೆ ಯಾರ ಕೊರಳಪಟ್ಟಿ ಹಿಡೀಲಿ?”

ಯುಗಾದಿ ಸಂಚಿಕೆ ದೀಪಾವಳಿ ದಾಟಿತು. “ಅಲ್ರೀ, ಕೈಲಿ ಬರೆದು ಪ್ರೆಸ್ಸಿಗೆ ಕೊಡಬಾರದಾ?” ಎಂದರು ಮನೆಯವರು. ರಾಯರು ಚಾಮರಾಜಪೇಟೆಯ ಮುದ್ರಣಾಲಯಕ್ಕೆ ಹೋಗಿ ಹುಡುಗನ ಭುಜದ ಮೇಲಿಂದ ಇಣುಕಿದರು. ತೆರೆಯ ಮೇಲೆ ಸಾಕ್ಷಾತ್ ಪೇಜ್‌ಮೇಕರ್! ಹಸ್ತಪ್ರತಿ ಕೊಡುವುದನ್ನೂ ಮರೆತು ಆಟೋ ಹತ್ತಿದರು.

“ನೋಡಿದ್ಯಾ, ಪ್ರೆಸ್ಸಿನವರೇ ಬಿಟ್ಟಿಲ್ಲ!” ಎನ್ನುತ್ತ ಬೀರುವಿನಿಂದ ಹಳೆಯ ಸಿಡಿ ತೆಗೆದರು, ಪಂಚೆಯಂಚಿನಲ್ಲಿ ಒರೆಸಿದರು. ಹೊಸ ಕಂಪ್ಯೂಟರನ್ನು ಹಿಂದೆ ಮುಂದೆ ತಿರುಗಿಸಿ, ಟಾರ್ಚು ಬಿಟ್ಟು ನೋಡಿದರು. ಸಿಡಿ ನುಂಗುವ ಬಾಯೇ ಅದಕ್ಕಿರಲಿಲ್ಲ.

ರಾತ್ರಿ ನನಗೆ ಫೋನು ಬಂತು. “ಹೊರಗಿನಿಂದ ಸಿಕ್ಕಿಸೋ ಸಿಡಿ ಡ್ರೈವ್ ಅಂತ ಬರುತ್ತಂತಲ್ಲ, ಅದರಲ್ಲಿ ನಂಬಿಕಸ್ತವಾದ್ದು ಯಾವುದಪ್ಪಾ?”